ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ: ಪದೇ ಪದೇ ಕೇಳುವ ಪ್ರಶ್ನೆಗಳು

ಎಂ.ಎಸ್.ಡಬ್ಲ್ಯೂ. ಎಂದು ಕರೆಯುವ ಈ ಕೋರ್ಸಿಗೆ ಸೇರಬೇಕೆಂದಿರುವವರು, ಈಗಾಗಲೇ ಓದುತ್ತಿರುವವರು, ಅವರ ಮನೆಯವರು ಮಾತಿನಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಸೇರುವ ಮುಂಚಿನವು ಮೊದಲು, ಪ್ರಬಂಧ ಮತ್ತು ಆಮೇಲಿನವು ಕೊನೆಗೆ. ಕ್ಷೇತ್ರಕಾರ್ಯದ (ಫೀಲ್ಡ್ ವರ್ಕ್, ಅಂದರೆ ಸಂಸ್ಥೆಯೊಂದರಲ್ಲಿ ಮೇಲ್ವಿಚಾರಕರ ಕೈಕೆಳಗೆ ಜನರ ನಡುವೆ ಕೆಲಸ ಮಾಡಿ ಕಲಿಯುವುದು) ಭಾಗ ಎಲ್ಲಕ್ಕಿಂತ ಉದ್ದವಾಗಿದೆ. ಈ ಪದವಿಯಲ್ಲಿ ವಿದ್ಯಾರ್ಥಿಗಳು ಹೆಚ್ಚು ಎಡವುವುದೂ ಹೆಚ್ಚು ಕಲಿಯುವುದೂ ಅಲ್ಲೇ.

## ಸೇರುವ ಮುಂಚೆ

ಸಮಾಜಸೇವೆ ಮಾಡೋಕೆ ಒಳ್ಳೆ ಮನಸ್ಸಿದ್ರೆ ಸಾಕಲ್ವಾ? ಅದಕ್ಕೊಂದು ಪದವಿ ಯಾಕೆ?

ಹಸಿದವರಿಗೆ ಊಟ ಕೊಡಲು ಪದವಿ ಬೇಕಿಲ್ಲ. ಆದರೆ ಹೊಡೆತ ತಿನ್ನುತ್ತಿರುವ ಮಗುವನ್ನು ಆ ಮನೆಯಿಂದ ಹೊರಗೆ ತರಬೇಕೇ, ಅಲ್ಲೇ ಇಟ್ಟು ಮನೆಯವರೊಂದಿಗೆ ಕೆಲಸ ಮಾಡಬಹುದೇ ಎಂದು ತೀರ್ಮಾನಿಸುವವರಿಗೆ ಕಾನೂನು ಗೊತ್ತಿರಬೇಕು, ಮಕ್ಕಳ ಬೆಳವಣಿಗೆ ಗೊತ್ತಿರಬೇಕು, ಹೆದರಿದವರನ್ನು ಮಾತಾಡಿಸಲು ಬರಬೇಕು. ತೀರ್ಮಾನ ತಪ್ಪಿದರೆ ಅದನ್ನು ಅನುಭವಿಸುವುದು ಆ ಮಗು.

ಈ ಅರಿವು ಹಳೆಯದು. ಸ್ವಯಂಸೇವಕರು ಬಡವರ ನಡುವೆಯೇ ನೆಲೆಸಿ ಕೆಲಸ ಮಾಡುವ ಕೇಂದ್ರಗಳಾದ ಲಂಡನ್ನಿನ ಟಾಯ್ನ್‌ಬಿ ಹಾಲ್ (1884), ಶಿಕಾಗೊದ ಹಲ್ ಹೌಸ್ (1889) ನಡೆಯುತ್ತಿದ್ದ ಕಾಲದಲ್ಲೇ, 1898ರಲ್ಲಿ ನ್ಯೂಯಾರ್ಕ್‌ನಲ್ಲಿ ಇಂಥ ಕೆಲಸಕ್ಕೆಂದೇ ಬೇಸಿಗೆ ತರಬೇತಿಯೊಂದು ಶುರುವಾಯಿತು. ಒಂದು ಕುಟುಂಬದ ಪರಿಸ್ಥಿತಿಯನ್ನು ಕ್ರಮವಾಗಿ ಅರಿಯುವುದು ಹೇಗೆಂದು ಅಮೆರಿಕದ ಸಮಾಜಕಾರ್ಯಕರ್ತೆ ಮೇರಿ ರಿಚ್ಮಂಡ್ 1917ರಲ್ಲಿ ‘ಸೋಶಿಯಲ್ ಡಯಾಗ್ನೋಸಿಸ್’ ಪುಸ್ತಕದಲ್ಲಿ ಬರೆದರು. ಭಾರತದಲ್ಲಿ ಈ ಶಿಕ್ಷಣ 1936ರಲ್ಲಿ ಮುಂಬೈನ ಸರ್ ದೊರಾಬ್ಜಿ ಟಾಟಾ ಗ್ರಾಜುಯೇಟ್ ಸ್ಕೂಲ್ ಆಫ್ ಸೋಶಿಯಲ್ ವರ್ಕ್‌ನಿಂದ ಆರಂಭವಾಯಿತು. ಅದೇ ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ.

ನಾನು ಓದಿದ್ದು ವಾಣಿಜ್ಯ. ಸೇರಿದ್ರೆ ಹಿಂದೆ ಬೀಳ್ತೀನಾ?

ಹೆಚ್ಚಿನ ಕಡೆ ಯಾವುದೇ ವಿಷಯದ ಪದವೀಧರರನ್ನು ಸೇರಿಸಿಕೊಳ್ಳುತ್ತಾರೆ. ಮೊದಲ ಸೆಮಿಸ್ಟರಿನಲ್ಲಿ ಸಮಾಜಶಾಸ್ತ್ರ, ಮನಃಶಾಸ್ತ್ರದ ಪರಿಭಾಷೆ ಹೊಸದೆನಿಸುತ್ತದೆ, ಅಷ್ಟೇ. ರಜೆಯಲ್ಲಿ ಪದವಿ ಮಟ್ಟದ ಒಂದೊಂದು ಪರಿಚಯ ಪುಸ್ತಕ ಓದಿಕೊಂಡರೆ ಅದೂ ಸಲೀಸಾಗುತ್ತದೆ. ಲೆಕ್ಕಪತ್ರ ಬಲ್ಲವರಿಗೆ ಯೋಜನೆಯ ಬಜೆಟ್ ಮತ್ತು ಆಡಳಿತದ ಪತ್ರಿಕೆಗಳು ಸುಲಭ. ಬಿ.ಎಸ್.ಡಬ್ಲ್ಯೂ. (ಸಮಾಜಕಾರ್ಯದಲ್ಲೇ ಪದವಿ) ಮುಗಿಸಿದವರಿಗೆ ಅಮೆರಿಕದಂಥ ಕಡೆ ಕೋರ್ಸಿನ ಅವಧಿಯಲ್ಲೇ ರಿಯಾಯಿತಿ ಸಿಗಬಹುದು. ಅಂಥ ಅವಕಾಶ ಇದೆಯೇ ಎಂದು ಅರ್ಜಿ ಹಾಕುವಾಗಲೇ ಕೇಳಿ.

ಸಮಾಜಶಾಸ್ತ್ರದ ಎಂ.ಎ.ಗೂ ಎಂ.ಎಸ್.ಡಬ್ಲ್ಯೂ.ಗೂ ಏನು ವ್ಯತ್ಯಾಸ?

ಜನ ವಲಸೆ ಯಾಕೆ ಹೋಗುತ್ತಾರೆ, ಹೋದ ಮೇಲೆ ಕುಟುಂಬ ಹೇಗೆ ಬದಲಾಗುತ್ತದೆ ಎಂದು ಸಮಾಜಶಾಸ್ತ್ರ ವಿವರಿಸುತ್ತದೆ. ವಲಸೆ ಬಂದ ಕುಟುಂಬವೊಂದು ನಾಳೆ ಬೆಳಗ್ಗೆ ಎದುರಿಗೆ ಬಂದು ಕೂತರೆ ಏನು ಮಾಡಬೇಕೆಂದು ಸಮಾಜಕಾರ್ಯ ಕಲಿಸುತ್ತದೆ. ಎಂ.ಎಸ್.ಡಬ್ಲ್ಯೂ.ನಲ್ಲಿ ಕ್ಷೇತ್ರಕಾರ್ಯ ಕಡ್ಡಾಯ. ಎಷ್ಟೋ ಕಡೆ ಅದರಲ್ಲಿ ಬೇರೆಯಾಗಿಯೇ ಪಾಸಾಗಬೇಕು. ಕ್ಷೇತ್ರಕಾರ್ಯದಲ್ಲಿ ಫೇಲಾದರೆ ಲಿಖಿತ ಪರೀಕ್ಷೆಯಲ್ಲಿ ಎಷ್ಟೇ ಅಂಕ ಬಂದಿದ್ದರೂ ಅದು ಲೆಕ್ಕಕ್ಕೆ ಬರುವುದಿಲ್ಲ.

ಸಂದರ್ಶನದಲ್ಲಿ ‘ಈ ಕೋರ್ಸೇ ಯಾಕೆ’ ಅಂತ ಕೇಳಿದ್ರೆ ಏನು ಹೇಳಲಿ?

‘ಜನಸೇವೆ ನನ್ನ ಕನಸು’ ಎಂಬ ಉತ್ತರವನ್ನು ಅವರು ಆ ದಿನವೇ ಎಷ್ಟೋ ಬಾರಿ ಕೇಳಿರುತ್ತಾರೆ. ನೀವು ಹತ್ತಿರದಿಂದ ಕಂಡ ಒಂದು ಸಮಸ್ಯೆ ಹೇಳಿ, ಅದರಲ್ಲಿ ಯಾವುದು ಅರ್ಥವಾಗಲಿಲ್ಲ ಎಂದು ಹೇಳಿ, ಈ ಓದಿನಿಂದ ಅದರ ಯಾವ ಭಾಗ ಕಲಿಯಬೇಕೆಂದಿದ್ದೀರಿ ಎಂದು ಹೇಳಿ. ಸ್ವಯಂಸೇವಕರಾಗಿ ದುಡಿದಿದ್ದರೆ ಎಷ್ಟು ತಿಂಗಳು, ವಾರಕ್ಕೆ ಎಷ್ಟು ಗಂಟೆ, ಕೈಯಾರೆ ಮಾಡಿದ ಕೆಲಸ ಯಾವುದು ಎಂಬುದಿಷ್ಟು ಸಾಕು. ಮನೆಯ ನೋವೇ ಈ ಓದಿಗೆ ಕಾರಣವಾಗಿದ್ದರೆ ಹೇಳಲು ಅಡ್ಡಿಯಿಲ್ಲ. ಆದರೆ ಎರಡು ವಾಕ್ಯದಲ್ಲಿ ಮುಗಿಸಿ, ಅದರ ಬಗ್ಗೆ ಮರುಪ್ರಶ್ನೆ ಬಂದರೆ ತಡೆದುಕೊಳ್ಳಬಲ್ಲೆ ಎನಿಸಿದರೆ ಮಾತ್ರ ಹೇಳಿ.

ಆನ್‌ಲೈನ್‌ನಲ್ಲಿ ಮಾಡಿದ್ರೆ ನಡೆಯುತ್ತಾ?

ಪಾಠ ಆನ್‌ಲೈನ್‌ನಲ್ಲಿ ಕೇಳಬಹುದು, ಕ್ಷೇತ್ರಕಾರ್ಯ ಸಾಧ್ಯವಿಲ್ಲ. ಶುಲ್ಕ ಕಟ್ಟುವ ಮುಂಚೆ ನಾಲ್ಕು ವಿಷಯ ಬರವಣಿಗೆಯಲ್ಲಿ ಕೇಳಿ ಪಡೆಯಿರಿ: ಕ್ಷೇತ್ರಕಾರ್ಯ ಒಟ್ಟು ಎಷ್ಟು ಗಂಟೆ, ಸಂಸ್ಥೆಯನ್ನು ಹುಡುಕಿಕೊಡುವವರು ಯಾರು, ಅಲ್ಲಿ ನಿಮ್ಮ ಮೇಲ್ವಿಚಾರಕರು ಸಮಾಜಕಾರ್ಯ ಓದಿದವರೇ, ಮತ್ತು ನೀವು ಕೆಲಸ ಮಾಡಬೇಕೆಂದಿರುವ ಕಡೆ ಆ ಪದವಿಗೆ ಮಾನ್ಯತೆ ಇದೆಯೇ. ‘ನೀವೇ ಹುಡುಕಿಕೊಳ್ಳಿ, ಸಹಿ ತಂದರೆ ಸಾಕು’ ಎಂಬ ಉತ್ತರ ಬಂದರೆ ಬೇರೆ ಕಡೆ ನೋಡಿ.

## ತರಗತಿಯಲ್ಲಿ

ಒಟ್ಟಾರೆ ಏನೇನು ಕಲಿಸ್ತಾರೆ?

ಬೆನ್ನೆಲುಬಾಗಿ ಆರು ವಿಧಾನಗಳಿವೆ. ಒಬ್ಬ ವ್ಯಕ್ತಿ ಅಥವಾ ಒಂದು ಕುಟುಂಬದೊಂದಿಗೆ ಮಾಡುವ ಕೇಸ್ ವರ್ಕ್, ಗುಂಪಿನೊಂದಿಗೆ ಮಾಡುವ ಗ್ರೂಪ್ ವರ್ಕ್, ಸಮುದಾಯ ಸಂಘಟನೆ, ಸಮಾಜ ಕಲ್ಯಾಣ ಆಡಳಿತ, ಸಮಾಜಕಾರ್ಯ ಸಂಶೋಧನೆ, ಅನ್ಯಾಯದ ನೀತಿಗಳನ್ನು ಬದಲಿಸಲು ಜನರನ್ನು ಒಗ್ಗೂಡಿಸುವ ಸಾಮಾಜಿಕ ಕ್ರಿಯೆ. ಇವುಗಳ ಸುತ್ತ ಮಾನವ ಬೆಳವಣಿಗೆ, ಸಾಮಾಜಿಕ ನೀತಿ, ಕಾನೂನು, ವೃತ್ತಿಧರ್ಮದ ಪತ್ರಿಕೆಗಳಿರುತ್ತವೆ. ಎರಡು ವರ್ಷದ ಕೋರ್ಸಿನಲ್ಲಿ ಸಾಮಾನ್ಯವಾಗಿ ಮೊದಲ ವರ್ಷ ಎಲ್ಲರಿಗೂ ಒಂದೇ ಪಾಠ, ಎರಡನೆಯ ವರ್ಷ ವಿಶೇಷ ಅಧ್ಯಯನ.

ಸಿದ್ಧಾಂತ ಓದ್ತೀವಿ, ಫೀಲ್ಡ್‌ನಲ್ಲಿ ಒಂದೂ ನೆನಪಾಗಲ್ಲ. ಓದಿ ಏನು ಪ್ರಯೋಜನ?

ಮನೆ ಭೇಟಿಯ ನಡುವೆ ನೆನಪಾಗಬೇಕಿಲ್ಲ. ಭೇಟಿ ಮುಗಿಸಿ ಬಂದು ಟಿಪ್ಪಣಿ ಮುಂದಿಟ್ಟುಕೊಂಡು ಕೂತಾಗ ಸಿದ್ಧಾಂತ ಕೆಲಸಕ್ಕೆ ಬರುತ್ತದೆ.

1973ರಲ್ಲಿ ಅಮೆರಿಕದ ಸಮಾಜಕಾರ್ಯ ವಿದ್ವಾಂಸರಾದ ಪಿಂಕಸ್ ಮತ್ತು ಮಿನಹನ್ ಮುಂದಿಟ್ಟ ನಾಲ್ಕು ವ್ಯವಸ್ಥೆಗಳನ್ನೇ ನೋಡಿ. 12 ವರ್ಷದ ಹುಡುಗ ಶಾಲೆ ಬಿಟ್ಟಿದ್ದಾನೆ, ತಾಯಿ ಸಹಾಯ ಕೇಳಿಕೊಂಡು ಬಂದಿದ್ದಾರೆ. ನೀವು ಮತ್ತು ನಿಮ್ಮ ಸಂಸ್ಥೆ ಬದಲಾವಣೆ ತರುವ ವ್ಯವಸ್ಥೆ. ಸಹಾಯ ಕೇಳಿದ ತಾಯಿ ಕ್ಲೈಂಟ್ ವ್ಯವಸ್ಥೆ. ಹಳೆಯ ಶಾಲೆಯ ಪತ್ರ ಇಲ್ಲವೆಂದು ಹುಡುಗನನ್ನು ಸೇರಿಸಿಕೊಳ್ಳದ ಮುಖ್ಯೋಪಾಧ್ಯಾಯರು ಗುರಿ ವ್ಯವಸ್ಥೆ, ಅಂದರೆ ಬದಲಾಗಬೇಕಾದವರು. ಅವರ ಮನವೊಲಿಸಲು ಜೊತೆಗೂಡುವ ತರಗತಿ ಶಿಕ್ಷಕಿ ಮತ್ತು ಹುಡುಗನ ಚಿಕ್ಕಪ್ಪ ಕ್ರಿಯಾ ವ್ಯವಸ್ಥೆ. ಈ ನಾಲ್ಕನ್ನು ಕಾಗದದ ಮೇಲೆ ಬರೆದು ನೋಡದ ವಿದ್ಯಾರ್ಥಿ ಹುಡುಗನನ್ನೇ ಗುರಿ ಎಂದುಕೊಂಡು, ವಾರಗಟ್ಟಲೆ ಅವನಿಗೆ ಓದಿನ ಮಹತ್ವ ಹೇಳುತ್ತಾ ಕೂರುತ್ತಾನೆ. ಹುಡುಗನಿಗೆ ಓದಬೇಕೆಂಬ ಆಸೆ ಮೊದಲಿಂದಲೂ ಇತ್ತು.

## ಕ್ಷೇತ್ರಕಾರ್ಯ

ಫೀಲ್ಡ್ ವರ್ಕ್‌ಗೆ ಎಷ್ಟು ಸಮಯ ಹೋಗುತ್ತೆ? ನೌಕರಿ ಮಾಡ್ಕೊಂಡು ಓದಬಹುದಾ?

ಅಮೆರಿಕದ ಮಾನ್ಯತಾ ಮಂಡಳಿ ಸ್ನಾತಕೋತ್ತರ ಪದವಿಗೆ ಕನಿಷ್ಠ 900 ಗಂಟೆ ಕ್ಷೇತ್ರಕಾರ್ಯ ಕೇಳುತ್ತದೆ. ವರ್ಷಕ್ಕೆ 30 ವಾರ, ವಾರಕ್ಕೆ ಎರಡು ದಿನ, ದಿನಕ್ಕೆ ಏಳೂವರೆ ಗಂಟೆಯಂತೆ ಎರಡು ವರ್ಷ ಹೋದರೆ ಅಷ್ಟಾಗುತ್ತದೆ. ಬೇರೆ ದೇಶಗಳ ಲೆಕ್ಕ ಬೇರೆ. ಹೀಗೆ ತರಗತಿಗಳ ಜೊತೆಜೊತೆಗೇ ನಡೆಯುವುದು ಒಂದು ಬಗೆ. ಕೆಲವು ವಾರ ಪೂರ್ತಿ ಒಂದೇ ಸಂಸ್ಥೆಯಲ್ಲಿ ಇರುವ ಬ್ಲಾಕ್ ಪ್ಲೇಸ್‌ಮೆಂಟ್ ಇನ್ನೊಂದು.

ಈ ಗಂಟೆಗಳಲ್ಲಿ ವರದಿ ಬರೆಯುವ ಸಮಯ ಸೇರಿರುವುದಿಲ್ಲ. ಕ್ಷೇತ್ರದ ಪ್ರತಿ ದಿನಕ್ಕೂ ಎರಡರಿಂದ ಮೂರು ಗಂಟೆ ಬರವಣಿಗೆಗೆಂದು ಬೇರೆ ಎತ್ತಿಡಿ. ಬೆಳಗ್ಗೆಯಿಂದ ಸಂಜೆಯವರೆಗಿನ ನೌಕರಿಯೊಂದಿಗೆ ಪೂರ್ಣಾವಧಿ ಕೋರ್ಸ್ ಮಾಡಲು ಹೊರಟವರು ಮೊದಲು ಕೈಬಿಡುವುದು ಈ ಬರವಣಿಗೆಯನ್ನೇ. ಬಿಟ್ಟರೆ ಕಲಿಕೆಯೂ ಅಲ್ಲಿಗೇ ನಿಲ್ಲುತ್ತದೆ. ನೌಕರಿ ಅನಿವಾರ್ಯವಾದರೆ ಮೂರು ವರ್ಷದ ಅರೆಕಾಲಿಕ ಕೋರ್ಸ್ ಇದೆಯೇ ನೋಡಿ.

ಏಜೆನ್ಸಿಗೆ ಹೋಗಿ ಎರಡು ವಾರ ಆಯ್ತು, ಸುಮ್ಮನೆ ಕೂರಿಸಿದ್ದಾರೆ. ಏನು ಮಾಡಲಿ?

ಕೆಲಸ ಕೊಡುವವರೆಗೆ ಸಂಸ್ಥೆಯನ್ನೇ ಓದಿ. ಹಣ ಎಲ್ಲಿಂದ ಬರುತ್ತದೆ, ಯಾರಿಗೆ ಸೇವೆ ಸಿಗುತ್ತದೆ, ಬಾಗಿಲವರೆಗೆ ಬಂದು ಹಿಂದಿರುಗುವವರು ಯಾರು, ಒಂದು ಅರ್ಜಿ ಎಷ್ಟು ಮೇಜು ದಾಟುತ್ತದೆ? ಹಳೆಯ ಕಡತಗಳನ್ನು ಅನುಮತಿ ಕೇಳಿ ಓದಿ. ಒಂದು ಪೂರ್ತಿ ದಿನ ಸ್ವಾಗತದ ಮೇಜಿನ ಪಕ್ಕ ಕೂತರೆ ಸಂಸ್ಥೆಯ ವಾರ್ಷಿಕ ವರದಿಯಲ್ಲಿ ಇಲ್ಲದ್ದು ತಿಳಿಯುತ್ತದೆ.

ಮೂರನೆಯ ವಾರದ ಹೊತ್ತಿಗೆ ಕಲಿಕಾ ಒಪ್ಪಂದ ಬರೆದು ತೆಗೆದುಕೊಂಡು ಹೋಗಿ: ಈ ಅವಧಿಯಲ್ಲಿ ಎಷ್ಟು ಕೇಸ್, ಯಾವ ಗುಂಪು, ಯಾವ ದಿನ ಮೇಲ್ವಿಚಾರಣೆ. ಅದರ ಮೇಲೆ ಸಂಸ್ಥೆಯವರು, ಕಾಲೇಜಿನವರು, ನೀವು ಮೂವರೂ ಸಹಿ ಮಾಡಬೇಕು. ಆಮೇಲೂ ಬರೀ ಡೇಟಾ ಎಂಟ್ರಿಯೇ ಸಿಕ್ಕರೆ ಕಾಲೇಜಿನ ಕ್ಷೇತ್ರಕಾರ್ಯ ಸಂಯೋಜಕರಿಗೆ ದಿನಾಂಕಗಳ ಸಮೇತ ಬರೆದು ತಿಳಿಸಿ. ಸೆಮಿಸ್ಟರ್ ಕೊನೆಗೆ ಹೇಳಿದರೆ ಯಾರೂ ಏನೂ ಮಾಡಲಾಗುವುದಿಲ್ಲ.

ಮೊದಲ ಮನೆ ಭೇಟಿ. ಏನು ಕೇಳಬೇಕು ಅಂತಾನೇ ಗೊತ್ತಿಲ್ಲ

ಪ್ರಶ್ನಾವಳಿ ಹಿಡಿದುಕೊಂಡು ಹೋಗಬೇಡಿ. ನೀವು ಯಾರು, ಯಾವ ಸಂಸ್ಥೆಯಿಂದ ಬಂದವರು, ಇನ್ನೂ ವಿದ್ಯಾರ್ಥಿ, ಎಷ್ಟು ಹೊತ್ತು ಇರುತ್ತೀರಿ, ಬರೆದುಕೊಂಡದ್ದನ್ನು ಯಾರು ಓದುತ್ತಾರೆ ಎಂದು ಮೊದಲೇ ಹೇಳಿ. ವಿದ್ಯಾರ್ಥಿ ಎಂಬುದನ್ನು ಮುಚ್ಚಿಡಬಾರದು. ಈಗ ಬಂದದ್ದು ಸರಿಯಾದ ಹೊತ್ತೇ ಎಂದು ಕೇಳಿ. ಅಲ್ಲ ಎಂದರೆ ಬೇರೆ ದಿನ ಗೊತ್ತುಮಾಡಿಕೊಂಡು ವಾಪಸ್ ಬನ್ನಿ. ಹೋಗುವ ಮುಂಚೆ ವಿಳಾಸ ಮತ್ತು ಹಿಂದಿರುಗುವ ಹೊತ್ತನ್ನು ಸಂಸ್ಥೆಯಲ್ಲಿ ಬರೆದಿಡಿ. ಒಳಗೆ ಬಾಗಿಲಿಗೆ ಹತ್ತಿರ ಕೂರಿ. ಜಗಳ ಬಿಸಿಯಾಗುತ್ತಿದೆ ಎನಿಸಿದರೆ ಎದ್ದು ಬರುವುದು ಸರಿಯಾದ ಕ್ರಮವೇ, ಅದನ್ನು ಸೋಲೆಂದು ಬಗೆಯಬೇಡಿ.

‘ಯಾಕೆ’ ಎಂದು ಶುರುವಾಗುವ ಪ್ರಶ್ನೆಗಳು ವಿಚಾರಣೆಯಂತೆ ಕೇಳಿಸುತ್ತವೆ. ‘ಯಾಕೆ ಆಸ್ಪತ್ರೆಗೆ ಹೋಗಲಿಲ್ಲ?’ ಅನ್ನುವ ಬದಲು ‘ಆವತ್ತು ಏನೇನಾಯ್ತು, ಹೇಳ್ತೀರಾ?’ ಅನ್ನಿ.

ಪ್ರೊಸೆಸ್ ರೆಕಾರ್ಡಿಂಗ್ ಎಷ್ಟು ಪುಟ ಬರೆದ್ರೂ ‘ಇದು ಸಾಲದು’ ಅಂತ ವಾಪಸ್ ಕೊಡ್ತಾರೆ. ಅವರಿಗೆ ಬೇಕಾಗಿರೋದೇನು?

ಪ್ರೊಸೆಸ್ ರೆಕಾರ್ಡಿಂಗ್ ಎಂದರೆ ಭೇಟಿಯಲ್ಲಿ ನಡೆದದ್ದನ್ನು ಮಾತುಮಾತಾಗಿ ಬರೆಯುವ ವರದಿ. ಅವರಿಗೆ ಬೇಕಾದದ್ದು ಪುಟದ ಸಂಖ್ಯೆ ಅಲ್ಲವೇ ಅಲ್ಲ. ನೀವು ಕಂಡದ್ದು ಯಾವುದು, ನೀವು ಅಂದುಕೊಂಡದ್ದು ಯಾವುದು ಎಂದು ಬೇರೆ ಬೇರೆಯಾಗಿ ಕಾಣಬೇಕು. ವಾಪಸ್ ಬರುವ ವರದಿ ಹೆಚ್ಚುಕಮ್ಮಿ ಹೀಗಿರುತ್ತದೆ:

“ತಾಯಿ ಬೇಜವಾಬ್ದಾರಿಯವರು. ಮಗನ ಓದಿನ ಬಗ್ಗೆ ಆಸಕ್ತಿ ಇಲ್ಲ. ಅವರಿಗೆ ತಿಳಿಹೇಳಿದೆ.”

ಅದೇ ಭೇಟಿಯನ್ನು ಹೀಗೆ ಬರೆಯಬಹುದಿತ್ತು:

“ಮಗನ ಶಾಲೆಯ ಬಗ್ಗೆ ಕೇಳಿದೆ. ತಾಯಿ ಉತ್ತರಿಸಲಿಲ್ಲ. ಬಾಗಿಲ ಕಡೆ ಎರಡು ಸಲ ನೋಡಿದರು. ಸ್ವಲ್ಪ ಹೊತ್ತು ಬಿಟ್ಟು ‘ಅವರಪ್ಪ ಬರೋ ಹೊತ್ತಾಯ್ತು’ ಎಂದರು. ನನಗೆ ಕಸಿವಿಸಿಯಾಯಿತು. ಸುಮ್ಮನಿರಲಾಗದೆ ಹಾಜರಾತಿ ಎಷ್ಟು ಮುಖ್ಯ ಎಂದು ಹೇಳತೊಡಗಿದೆ. ‘ಆಯ್ತು’ ಎಂದು ಎದ್ದುಬಿಟ್ಟರು.”

ಎರಡನೆಯದರಲ್ಲಿ ಬೇಜವಾಬ್ದಾರಿ ಎಲ್ಲೂ ಇಲ್ಲ, ಬಹುಶಃ ಭಯ ಇದೆ. ತಾಯಿ ಇನ್ನೇನೋ ಹೇಳಬಹುದಾಗಿದ್ದ ಮೌನವನ್ನು ವಿದ್ಯಾರ್ಥಿಯೇ ಮಾತು ತುಂಬಿ ಕೆಡಿಸಿದ್ದೂ ಅಲ್ಲೇ ಕಾಣುತ್ತದೆ. ಮೇಲ್ವಿಚಾರಕರು ಕಲಿಸಲು ಸಾಧ್ಯವಾಗುವುದು ಇಂಥ ಬರಹದಿಂದ ಮಾತ್ರ.

ಪುಟವನ್ನು ನಾಲ್ಕು ಅಂಕಣ ಮಾಡಿ: ನಡೆದ ಮಾತು ಮತ್ತು ಹಾವಭಾವ, ಆಗ ನನಗೆ ಅನಿಸಿದ್ದು, ಈಗ ಯೋಚಿಸಿದರೆ ತೋಚುವುದು, ಮೇಲ್ವಿಚಾರಕರ ಟಿಪ್ಪಣಿ. ಭೇಟಿ 45 ನಿಮಿಷ ನಡೆದಿದ್ದರೆ ಅಷ್ಟನ್ನೂ ಹೀಗೆ ಬರೆಯಬೇಕಿಲ್ಲ. ಮಾತು ತಿರುವು ಪಡೆದ ಹತ್ತು ನಿಮಿಷವನ್ನು ಆರಿಸಿಕೊಂಡು ಅಷ್ಟನ್ನು ಪೂರ್ತಿ ಬರೆಯಿರಿ, ಉಳಿದದ್ದಕ್ಕೆ ಒಂದು ಸಾರಾಂಶ ಸಾಕು. ಅದೇ ದಿನ ಬರೆಯಿರಿ. ರಾತ್ರಿ ಕಳೆದರೆ ಅವರ ಮಾತು ನಿಮ್ಮ ಭಾಷೆಗೆ ತಿರುಗಿಬಿಡುತ್ತದೆ. ಹೆಸರು, ವಿಳಾಸ, ಶಾಲೆಯ ಹೆಸರು ಬರೆಯದೆ ಸಂಕೇತಾಕ್ಷರ ಬಳಸಿ. ಭೇಟಿಯ ನಡುವೆ ಬರೆದುಕೊಳ್ಳಬೇಡಿ, ಹೊರಬಂದ ಕೂಡಲೇ ಎಲ್ಲಾದರೂ ಕೂತು ಐದಾರು ಸುಳಿವು ಪದ ಗೀಚಿಕೊಳ್ಳಿ.

ಜೀನೋಗ್ರಾಂ, ಇಕೋ ಮ್ಯಾಪ್ ಎರಡೂ ಒಂದೇನಾ?

ಅಲ್ಲ. ಜೀನೋಗ್ರಾಂ ಕುಟುಂಬದ ಒಳಗನ್ನು ತೋರಿಸುವ ನಕ್ಷೆ, ಸಾಮಾನ್ಯವಾಗಿ ಮೂರು ತಲೆಮಾರು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ತೀರಿಕೊಂಡವರ ಮೇಲೆ ಅಡ್ಡಗೆರೆಗಳ ಗುಣಾಕಾರ ಚಿಹ್ನೆ. ಯಾರಿಗಾಗಿ ಬರೆಯುತ್ತಿದ್ದೀರೋ ಅವರ ಗುರುತಿಗೆ ಎರಡು ಸುತ್ತಿನ ಗೆರೆ. ದಾಂಪತ್ಯದ ಗೆರೆಯನ್ನು ಒಂದು ಓರೆಗೆರೆ ಕತ್ತರಿಸಿದರೆ ಬೇರೆ ವಾಸ, ಎರಡು ಕತ್ತರಿಸಿದರೆ ವಿಚ್ಛೇದನ. ಒಂದೇ ಸೂರಿನಡಿ ಇರುವವರನ್ನು ಚುಕ್ಕಿಗೆರೆಯಿಂದ ಸುತ್ತುವರಿಯಿರಿ.

ಇಕೋ ಮ್ಯಾಪ್ 1970ರ ದಶಕದಲ್ಲಿ ಆ್ಯನ್ ಹಾರ್ಟ್‌ಮನ್ ರೂಪಿಸಿದ್ದು, ಕುಟುಂಬಕ್ಕೂ ಹೊರಜಗತ್ತಿಗೂ ಇರುವ ನಂಟಿನ ನಕ್ಷೆ. ನಡುವಿನ ವೃತ್ತದಲ್ಲಿ ಕುಟುಂಬ, ಸುತ್ತ ಶಾಲೆ, ಆಸ್ಪತ್ರೆ, ಕೆಲಸದ ಜಾಗ, ನೆಂಟರು. ಗಟ್ಟಿ ನಂಟಿಗೆ ದಪ್ಪ ಗೆರೆ, ತೆಳು ನಂಟಿಗೆ ತುಂಡು ಗೆರೆ, ಒತ್ತಡದ ನಂಟಿಗೆ ಅಡ್ಡಗೀರುಗಳಿರುವ ಗೆರೆ. ಸಹಾಯ ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆ ಎಂದು ತೋರಿಸಲು ಬಾಣ. ಇದನ್ನು ಅವರ ಜೊತೆ ಕೂತೇ ಬರೆಯಿರಿ. ಬಾಣಗಳೆಲ್ಲ ಹೊರಮುಖವಾಗಿ ಹೋಗುತ್ತಿರುವುದನ್ನು ಅವರೇ ಕಣ್ಣಾರೆ ಕಂಡಾಗ ಸಂಭಾಷಣೆ ಬೇರೆ ಹಾದಿ ಹಿಡಿಯುತ್ತದೆ.

ಅವರು ದುಡ್ಡು ಕೇಳಿದ್ರೆ? ನನ್ನ ಫೋನ್ ನಂಬರ್ ಕೇಳಿದ್ರೆ?

ಸ್ವಂತ ಹಣ ಕೊಡಬೇಡಿ. ಒಮ್ಮೆ ಕೊಟ್ಟರೆ ಅವರು ನಿಮಗೆ ಋಣಿಯಾಗುತ್ತಾರೆ, ಆಮೇಲೆ ‘ನೀವು ಹೇಳಿದ್ದು ನನಗೆ ಒಪ್ಪಿಗೆಯಿಲ್ಲ’ ಎನ್ನಲು ಅವರಿಗೆ ಬಾಯಿ ಬರುವುದಿಲ್ಲ. ನೀವು ಹೋದ ಮೇಲೆ ಬರುವ ಕಾರ್ಯಕರ್ತರಿಗೂ ಕಷ್ಟ. ‘ನಾನು ಕೊಡೋ ಹಾಗಿಲ್ಲ, ಆದರೆ ಇದಕ್ಕೆ ಎಲ್ಲೆಲ್ಲಿ ನೆರವು ಸಿಗುತ್ತೆ ಅಂತ ಇವತ್ತೇ ಒಟ್ಟಿಗೆ ನೋಡೋಣ’ ಎಂದು ಹೇಳಿ, ಹೇಳಿದಂತೆ ಅಂದೇ ನೋಡಿ. ಮನೆಯಲ್ಲಿ ಅಂದು ಊಟಕ್ಕೇ ಇಲ್ಲ ಎಂಬಂಥ ತುರ್ತಿನಲ್ಲಿ ಸಂಸ್ಥೆಗೆ ಅಲ್ಲಿಂದಲೇ ಫೋನ್ ಮಾಡಿ. ನಂಬರ್ ಕೇಳಿದರೆ ಸಂಸ್ಥೆಯದ್ದನ್ನೂ ನೀವು ಅಲ್ಲಿ ಇರುವ ದಿನಗಳನ್ನೂ ಬರೆದುಕೊಡಿ.

‘ನಿಮಗೊಂದು ವಿಷಯ ಹೇಳ್ತೀನಿ, ಯಾರಿಗೂ ಹೇಳಬೇಡಿ’ ಅಂದ್ರೆ?

ಮಾತು ಕೊಡಬೇಡಿ. ‘ನೀವು ಹೇಳಿದ್ದನ್ನ ಕಾಪಾಡ್ತೀನಿ. ಆದರೆ ನಿಮ್ಮ ಅಥವಾ ಬೇರೆಯವರ ಜೀವಕ್ಕೆ ಅಪಾಯ ಇದ್ದರೆ, ಮಗುವಿಗೆ ಹಿಂಸೆ ಆಗ್ತಿದ್ದರೆ ನನ್ನ ಮೇಲ್ವಿಚಾರಕರಿಗೆ ಹೇಳಲೇಬೇಕಾಗುತ್ತೆ’ ಎಂದು ಅವರು ಬಾಯಿ ಬಿಡುವ ಮುಂಚೆಯೇ ತಿಳಿಸಿ. ನ್ಯಾಯಾಲಯ ಕೇಳಿದರೂ ಗೋಪ್ಯತೆ ಉಳಿಯದಿರಬಹುದು. ಕೇಳಿದ ಮೇಲೆ ಈ ಷರತ್ತು ಹಾಕುವುದು ನಂಬಿಕೆದ್ರೋಹ. ಅಪಾಯದ ಸಂಗತಿ ಗೊತ್ತಾದರೆ ಅದೇ ದಿನ ಮೇಲ್ವಿಚಾರಕರಿಗೆ ತಿಳಿಸಿ, ತಿಳಿಸಿದ ಹೊತ್ತನ್ನೂ ದಾಖಲಿಸಿ.

ಗುಂಪು ಶುರು ಮಾಡಿದೆ. ಮೂರನೇ ಸಲಕ್ಕೆ ಅರ್ಧಕ್ಕರ್ಧ ಜನ ಬರಲಿಲ್ಲ

ಹೆಚ್ಚಿನ ಸಲ ತಪ್ಪು ಮೊದಲ ಸಭೆಗಿಂತ ಮುಂಚೆಯೇ ಆಗಿರುತ್ತದೆ. ಪ್ರತಿಯೊಬ್ಬರನ್ನೂ ಬೇರೆಯಾಗಿ ಕಂಡು ‘ಈ ಗುಂಪಿನಿಂದ ನಿಮಗೇನು ಬೇಕು, ಯಾವ ಹೊತ್ತು ಆಗುತ್ತೆ’ ಎಂದು ಕೇಳಿದ್ದೀರಾ? ಆರರಿಂದ ಹತ್ತು ಜನ ಸಾಕು. ಎರಡು ಸಭೆಗಳನ್ನು ಭಾಷಣದಲ್ಲಿ ಕಳೆದಿದ್ದರೆ ಮೂರನೆಯದಕ್ಕೆ ಬರಲು ಅವರಿಗೆ ಕಾರಣವಿಲ್ಲ.

ಇನ್ನೊಂದು ಸಾಧ್ಯತೆ ಇದೆ. ಗುಂಪು ಕೂಡಿಕೊಳ್ಳುವುದು, ತಿಕ್ಕಾಟ, ರೂಢಿ ಮೂಡುವುದು, ಕೆಲಸ ನಡೆಯುವುದು ಎಂಬ ಹಂತಗಳನ್ನು ಅಮೆರಿಕದ ಮನಃಶಾಸ್ತ್ರಜ್ಞ ಟಕ್‌ಮನ್ 1965ರಲ್ಲಿ ಗುರುತಿಸಿದರು. ನಿಮ್ಮದು ತಿಕ್ಕಾಟದ ಹಂತವಾಗಿರಬಹುದು. ಬಾರದವರ ಮನೆಗೆ ಹೋಗಿ ಕೇಳಿ, ಮುಂದಿನ ಸಭೆಯಲ್ಲಿ ‘ಕಳೆದ ಸಲ ಹೇಗನಿಸಿತು’ ಎಂಬುದನ್ನೇ ಮಾತಿಗೆ ಎತ್ತಿಕೊಳ್ಳಿ.

ಒಂದು ಕೇಸ್ ಮನೆಗೂ ಹಿಂದೆ ಬರ್ತಿದೆ, ರಾತ್ರಿ ನಿದ್ದೆ ಬರಲ್ಲ. ನಾನು ಈ ಕೆಲಸಕ್ಕೆ ಲಾಯಕ್ಕಿಲ್ವಾ?

ಲಾಯಕ್ಕಿದ್ದೀರಿ. ಬೇರೆಯವರ ಆಘಾತವನ್ನು ದಿನವೂ ಕೇಳಿಸಿಕೊಳ್ಳುವವರಿಗೆ ಅದೇ ದೃಶ್ಯ ಕಣ್ಣ ಮುಂದೆ ಬರುವುದು, ನಿದ್ದೆಗೆಡುವುದು, ಸಣ್ಣದಕ್ಕೆಲ್ಲ ರೇಗುವುದು, ಕೊನೆಗೆ ಏನೂ ಅನಿಸದೆ ಹೋಗುವುದು ಈ ವೃತ್ತಿಯಲ್ಲಿ ಗುರುತಿಸಲ್ಪಟ್ಟ ಅಪಾಯಗಳು. ಮೇಲ್ವಿಚಾರಣೆ ಇರುವುದು ವರದಿ ತಿದ್ದಲಿಕ್ಕಷ್ಟೇ ಅಲ್ಲ. ಆಡಳಿತ, ಕಲಿಕೆ, ಆಸರೆ ಈ ಮೂರೂ ಅದರ ಕೆಲಸ. ವಾರದ ಭೇಟಿಗೆ ‘ಈ ಕೇಸಿನಲ್ಲಿ ನನಗೆ ಹೀಗಾಗುತ್ತಿದೆ’ ಎಂದು ಬರೆದುಕೊಂಡೇ ಹೋಗಿ, ಬಾಯಿಮಾತಿಗೆ ಬಿಟ್ಟರೆ ಸಮಯ ಮುಗಿದುಹೋಗುತ್ತದೆ. ನಿಮ್ಮದೇ ಹಳೆಯ ಗಾಯವನ್ನು ಆ ಕೇಸ್ ಕೆದಕುತ್ತಿದ್ದರೆ ಅದನ್ನು ಬೇರೆಯವರಿಗೆ ವರ್ಗಾಯಿಸಲು ಕೇಳಬಹುದು. ಎರಡು ವಾರ ಕಳೆದರೂ ನಿದ್ದೆ ಸರಿಹೋಗದಿದ್ದರೆ ಆಪ್ತಸಮಾಲೋಚಕರನ್ನೋ ವೈದ್ಯರನ್ನೋ ಕಾಣಿರಿ. ಬದುಕೇ ಬೇಡ ಎನಿಸಿದರೆ ಅಷ್ಟು ಕಾಯಬೇಡಿ, ಅದೇ ದಿನ ಕಾಣಿರಿ.

ಪ್ಲೇಸ್‌ಮೆಂಟ್ ಮುಗೀತಾ ಬಂತು. ಕುಟುಂಬಕ್ಕೆ ಹೇಗೆ ಹೇಳೋದು?

ಕೊನೆಯ ದಿನ ಹೇಳಬೇಡಿ. ಮುಗಿಯುವ ತಿಂಗಳನ್ನು ಮೊದಲ ಭೇಟಿಯಲ್ಲೇ ಹೇಳಿರಬೇಕು, ನಾಲ್ಕೈದು ವಾರ ಇರುವಾಗ ಮತ್ತೆ ನೆನಪಿಸಬೇಕು. ಆಗ ಹಳೆಯ ಸಮಸ್ಯೆ ಮರುಕಳಿಸುವುದುಂಟು, ಸಿಟ್ಟು ಮಾಡಿಕೊಂಡು ಭೇಟಿ ತಪ್ಪಿಸುವುದೂ ಉಂಟು. ಬಿಟ್ಟುಹೋಗುವವರನ್ನು ಮೊದಲೂ ಕಂಡವರು ಅವರು. ಮುಂದೆ ಯಾರು ನೋಡಿಕೊಳ್ಳುತ್ತಾರೋ ಅವರನ್ನು ಒಮ್ಮೆ ಜೊತೆಗೆ ಕರೆದುಕೊಂಡು ಹೋಗಿ ಪರಿಚಯಿಸಿ. ‘ಆಗಾಗ ಬರ್ತಿರ್ತೀನಿ’ ಎಂದು ಮಾತ್ರ ಹೇಳಬೇಡಿ.

## ವಿಶೇಷ ಅಧ್ಯಯನ, ಪ್ರಬಂಧ, ಆಮೇಲೆ

ಯಾವ ಸ್ಪೆಶಲೈಸೇಶನ್ ತಗೊಂಡ್ರೆ ಕೆಲಸ ಬೇಗ ಸಿಗುತ್ತೆ?

ಸಾಮಾನ್ಯವಾಗಿ ಇರುವ ಆಯ್ಕೆಗಳಿವು: ವೈದ್ಯಕೀಯ ಮತ್ತು ಮನೋವೈದ್ಯಕೀಯ, ಸಮುದಾಯ ಅಭಿವೃದ್ಧಿ, ಕುಟುಂಬ ಮತ್ತು ಮಕ್ಕಳು, ಅಪರಾಧ ಮತ್ತು ಅಪರಾಧಿಗಳ ಸುಧಾರಣೆ, ಕೆಲವು ಕಡೆ ಮಾನವ ಸಂಪನ್ಮೂಲ. ಹೆಸರಿಗಿಂತ ಎರಡನೆಯ ವರ್ಷದ ಕ್ಷೇತ್ರಕಾರ್ಯ ಎಲ್ಲಿ ಎಂಬುದೇ ಕೆಲಸದ ವಿಷಯದಲ್ಲಿ ಹೆಚ್ಚು ಲೆಕ್ಕಕ್ಕೆ ಬರುತ್ತದೆ. ಆಸ್ಪತ್ರೆಯಲ್ಲಿ ಕೆಲಸ ಬೇಕೆನ್ನುವವರು ಆ ವರ್ಷ ಆಸ್ಪತ್ರೆಯಲ್ಲೇ ಕಳೆಯುವಂತೆ ನೋಡಿಕೊಳ್ಳಿ.

ಪ್ರಬಂಧಕ್ಕೆ ‘ಮಹಿಳೆಯರ ಸಮಸ್ಯೆಗಳು’ ಅಂತ ವಿಷಯ ಕೊಟ್ಟೆ, ಗೈಡ್ ಒಪ್ಪಲಿಲ್ಲ

ಒಂದು ಜನ್ಮಕ್ಕೂ ಮುಗಿಯದಷ್ಟು ದೊಡ್ಡ ವಿಷಯ ಅದು. ಯಾರು, ಅವರ ಯಾವ ಅನುಭವ, ಯಾವ ಸನ್ನಿವೇಶದಲ್ಲಿ ಎಂಬ ಮೂರೂ ಒಂದೇ ವಾಕ್ಯದಲ್ಲಿ ಬರಬೇಕು: ‘ಡಯಾಲಿಸಿಸ್ ಪಡೆಯುತ್ತಿರುವ ಗಂಡನನ್ನು ನೋಡಿಕೊಳ್ಳುವ ಹೆಂಡತಿಯರು ತಮ್ಮ ದುಡಿಮೆಯನ್ನು ಹೇಗೆ ಸಂಭಾಳಿಸುತ್ತಾರೆ’ ಎಂಬ ಹಾಗೆ.

ಆಮೇಲೆ ಸಮಯದ ಲೆಕ್ಕ ಹಾಕಿ. ಒಂದು ಗಂಟೆಯ ಧ್ವನಿಮುದ್ರಣವನ್ನು ಅಕ್ಷರಕ್ಕಿಳಿಸಲು ಕೈಯಲ್ಲಿ ನಾಲ್ಕರಿಂದ ಆರು ಗಂಟೆ ಬೇಕು. ತಲಾ ಒಂದು ಗಂಟೆಯ ಹನ್ನೆರಡು ಸಂದರ್ಶನವೆಂದರೆ ಬರೀ ಅದಕ್ಕೇ 48ರಿಂದ 72 ಗಂಟೆ ಹಿಡಿಯುತ್ತದೆ. ನೈತಿಕ ಸಮಿತಿಯ ಒಪ್ಪಿಗೆ ಮತ್ತು ಆಸ್ಪತ್ರೆಯ ಅನುಮತಿ ಸಿಗುವ ಮುಂಚೆ ಒಬ್ಬರನ್ನೂ ಸಂದರ್ಶಿಸಬೇಡಿ, ಹಾಗೆ ಪಡೆದ ಮಾಹಿತಿ ಬಳಕೆಗೆ ಬರುವುದಿಲ್ಲ. ಪ್ರಶ್ನೆಗಳನ್ನು ಮೊದಲು ಮೂರು ನಾಲ್ಕು ಜನರ ಮೇಲೆ ಪರೀಕ್ಷಿಸಿ. ‘ಮನೆಯಲ್ಲಿ ನಿಮಗೆ ಗೌರವ ಮತ್ತು ನೆರವು ಸಿಗುತ್ತದೆಯೇ?’ ಎಂಬಂಥ ಪ್ರಶ್ನೆಗಳು ಸಿಕ್ಕಿಬೀಳುವುದು ಆಗಲೇ. ಅದರಲ್ಲಿ ಎರಡು ಪ್ರಶ್ನೆಗಳಿವೆ, ‘ಹೌದು’ ಎಂದರೆ ಯಾವುದಕ್ಕೆಂದು ತಿಳಿಯುವುದಿಲ್ಲ.

ನಾನೇ ಫೀಲ್ಡ್ ವರ್ಕ್ ಮಾಡೋ ಕುಟುಂಬಗಳನ್ನ ಪ್ರಬಂಧಕ್ಕೂ ಬಳಸಬಹುದಾ?

ಬೇಡ. ನಿಮ್ಮಿಂದ ಸೇವೆ ಪಡೆಯುತ್ತಿರುವವರು ‘ಒಲ್ಲೆ’ ಎನ್ನಲು ಹಿಂಜರಿಯುತ್ತಾರೆ, ಹಾಗಾಗಿ ಅವರ ಸಮ್ಮತಿ ಮನಃಪೂರ್ವಕವಾಗಿ ಬಂದದ್ದೆಂದು ಹೇಳಲಾಗದು. ಬೇರೆ ಸಂಸ್ಥೆಯ ಮೂಲಕ ಹೋಗಿ.

ಈ ಪದವಿ ಇಟ್ಕೊಂಡು ಬೇರೆ ದೇಶದಲ್ಲಿ ಕೆಲಸ ಮಾಡಬಹುದಾ?

ಆಗುತ್ತದೆ, ಆದರೆ ನೇರವಾಗಿ ಅಲ್ಲ. ಇಂಗ್ಲೆಂಡಿನಲ್ಲಿ ‘ಸೋಶಿಯಲ್ ವರ್ಕರ್’ ಎಂದು ಕರೆದುಕೊಳ್ಳಲೂ ನೋಂದಣಿ ಬೇಕು. 2019ರ ಡಿಸೆಂಬರ್‌ನಿಂದ ಅದನ್ನು ನೋಡಿಕೊಳ್ಳುವುದು ಸೋಶಿಯಲ್ ವರ್ಕ್ ಇಂಗ್ಲೆಂಡ್. ಅಮೆರಿಕದಲ್ಲಿ ರಾಜ್ಯವಾರು ಪರವಾನಗಿ, ಕೆನಡಾದಲ್ಲಿ ಪ್ರಾಂತ್ಯವಾರು ನೋಂದಣಿ. ಎಲ್ಲ ಕಡೆಯೂ ನಿಮ್ಮ ಪದವಿ ತಮ್ಮದಕ್ಕೆ ಸಮನೇ ಎಂದು ತೂಗಿ ನೋಡುತ್ತಾರೆ, ಅರ್ಜಿಗಳು ಹೆಚ್ಚಾಗಿ ಸಿಕ್ಕಿಕೊಳ್ಳುವುದು ಕ್ಷೇತ್ರಕಾರ್ಯದ ಪುರಾವೆಯಲ್ಲಿ. ಓದುತ್ತಿರುವಾಗಲೇ ಪ್ರತಿ ಸೆಮಿಸ್ಟರಿನ ಪಠ್ಯಕ್ರಮ, ಸಂಸ್ಥೆಯ ಹೆಸರು, ಗಂಟೆಗಳು, ಮಾಡಿದ ಕೆಲಸ, ಮೇಲ್ವಿಚಾರಕರ ಅರ್ಹತೆ ಇರುವ ಪತ್ರವನ್ನು ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಸಹಿ, ಮೊಹರು ಸಮೇತ ಪಡೆದಿಟ್ಟುಕೊಳ್ಳಿ. ಮೇಲ್ವಿಚಾರಕರು ಕೆಲಸ ಬಿಟ್ಟುಹೋದ ಮೇಲೆ ಆ ಪತ್ರ ಪಡೆಯುವುದು ಬಹಳ ಕಷ್ಟ.